ಹ್ಯಾಮಿಲ್ಟನ್ನಿನ ಹಾಜರಿ

ಆ ಭಾನುವಾರ ಮಧ್ಯಾಹ್ನ ಮೇರೆಯವರ ಹಿತ್ತಿಲಿನಲ್ಲಿ ಯಾರ್ಯಾರು ಇದ್ದರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಊಟ ಮುಗಿಯುವಷ್ಟರಲ್ಲಿ ಅವರಲ್ಲಿ ಹಲವರು ತಾವು ಅಲ್ಲದವರಾಗಿ ಎದ್ದು ನಿಲ್ಲುವವರಿದ್ದಾರೆ. ಆಮೇಲೆ ನಿಮಗೆ ಗಲಿಬಿಲಿಯಾಗಬಾರದು. ಮನೆಯೊಡತಿ ಮೇರೆ, ನಮ್ಮ ಬೀದಿಗೆಲ್ಲ ಹಿರಿಯರಾದ ಮಾವೊರಿ ಹೆಂಗಸು, ಅಂದರೆ ಈ ನ್ಯೂಜಿಲೆಂಡಿನ ಮೂಲನಿವಾಸಿ. ಹೆಸರು ಮೇರೆ ಎಂದಿದ್ದರೂ ಅವರ ಆತಿಥ್ಯಕ್ಕೆ ಮಾತ್ರ ಮೇರೆಯೇ ಇಲ್ಲ. ಎರಡನೆಯವರು ಟಾಂಗಾ ದೇಶದ ಸಿಯೋನೆ. ಹಾಲಿನ ಟ್ಯಾಂಕರ್ ಓಡಿಸುವ ಅವರು ಪಕ್ಕದಲ್ಲಿ ನಿಂತರೆ ನಮಗೆ ನೆರಳಾಗುತ್ತದೆ. ಮೂರನೆಯವರು ಎದುರು ಮನೆಯ ರಾಯ್. ನನ್ನ ಪ್ರಕಾರ ಅವರು ಬ್ರೆಜಿಲ್ ಕಡೆಯವರು. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಅವರು ಗಿಡಗಳಿಗೆ ನೀರು ಬಿಡುವಾಗ ಹಳದಿ ಫುಟ್‌ಬಾಲ್ ಅಂಗಿ ಹಾಕಿಕೊಳ್ಳುತ್ತಿದ್ದರು, ನಾನು ತೀರ್ಮಾನಿಸಿದ್ದೆ, ಅಷ್ಟೆ. ಇನ್ನು ನಮ್ಮ ಮನೆಯವರು: ನಾನು, ಹೆಂಡತಿ ಸುಧಾ, ಮಗಳು ಅನಘಾ. ಮತ್ತು ಹಿತ್ತಿಲಿನ ನಟ್ಟನಡುವೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲಿ, ಕೈಯಲ್ಲಿ ಮೇರೆಯವರ ಮರದ ಸೌಟು ಹಿಡಿದು ನಿಂತಿದ್ದ ನಮ್ಮ ಅತ್ತೆ, ಗದಗಿನ ಜೋಶಿ ಬಾಯಾರು. ಬೀದಿಯ ಇನ್ನಷ್ಟು ಜನ ಮಡಚುವ ಕುರ್ಚಿಗಳ ಮೇಲೆ ಕುಳಿತಿದ್ದರು. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಈ ಗೊತ್ತಿಲ್ಲದಿರುವಿಕೆಗೆ ಆ ದಿನವೇ ಬಾಯಾರು ಸೊನ್ನೆ ಅಂಕ ಕೊಟ್ಟಿದ್ದಾರೆ, ಆದ್ದರಿಂದ ನೀವು ಮತ್ತೆ ಬೈಯುವ ಅಗತ್ಯವಿಲ್ಲ.

ಅತ್ತೆಯನ್ನು ಬಾಯಾರು ಎಂದು ಕರೆಯುವ ಅಳಿಯ ಎಲ್ಲಾದರೂ ಉಂಟೇ ಎಂದು ನೀವು ಕೇಳಬಹುದು. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಬಾಯಾರು ಎನ್ನುತ್ತಾರೆ. ಅವರು ನನಗೆ ಅತ್ತೆಯಾದದ್ದು ಎಷ್ಟೋ ಆಮೇಲೆ, ಅಂದರೆ ಮದುವೆಯಾದ ಮೇಲೆ. ಅದಕ್ಕಿಂತ ಮೊದಲೇ ಎಂಟನೆಯ ಇಯತ್ತೆಯಲ್ಲಿ ಅವರು ನನಗೆ ಸಮಾಜ ವಿಜ್ಞಾನ ಕಲಿಸಿದ್ದರು. ಅಥವಾ ಕಲಿಸಲು ತಮ್ಮ ಕೈಲಾದ ಪ್ರಯತ್ನವನ್ನೆಲ್ಲ ಮಾಡಿದ್ದರು. ನಾನು ಕನ್ಯೆ ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆಯನ್ನು ಕೈಗೆ ಕೊಡುತ್ತ ಅವರು ಕೇಳಿದ ಮೊದಲ ಪ್ರಶ್ನೆ, "ಈಗರೆ ಅಕ್ಷಾಂಶ ಯಾವುದು, ರೇಖಾಂಶ ಯಾವುದು ತಿಳಿದದ ಏನಪಾ?" ಎಂದು. ಅಡ್ಡಡ್ಡ ಕೈ ಆಡಿಸಿ ಹೇಗೋ ಪಾರಾದೆ. ಕನ್ಯೆ ಬಾಗಿಲ ಮರೆಯಲ್ಲಿ ನಕ್ಕದ್ದು ಕೇಳಿಸಿತು. ಹೀಗೆ ನಮ್ಮ ದಾಂಪತ್ಯ ಶುರುವಾದದ್ದೇ ನನ್ನ ಭೂಗೋಳದಿಂದ. ಇವತ್ತಿಗೂ ಅತ್ತೆ ಪ್ರಸನ್ನರಾಗಿದ್ದರೆ ನನಗೆ "ಅಳಿಯಂದ್ರ" ಎನ್ನುತ್ತಾರೆ, ಸಿಟ್ಟು ಬಂದರೆ ಹಾಜರಿ ಕರೆಯುವ ಧಾಟಿಯಲ್ಲಿ "ಕುಲಕರ್ಣಿ ವ್ಹಿ. ಜಿ." ಎನ್ನುತ್ತಾರೆ. ಹಾಗೆ ಕರೆದಾಗ ನಾನು ಎಲ್ಲಿದ್ದರೂ ಎದ್ದು ನಿಲ್ಲುತ್ತೇನೆ. ಒಮ್ಮೆ ವಿಡಿಯೊ ಕಾಲಿನಲ್ಲಿ ಕರೆದಾಗ ಎದ್ದು ನಿಂತು, ಅವರಿಗೆ ನನ್ನ ಮುಖದ ಬದಲು ಪಾಯಿಜಾಮದ ಲಾಡಿಯಷ್ಟೇ ಕಾಣಿಸಿ, ಪರಿಸ್ಥಿತಿ ಇನ್ನೂ ಬಿಗಡಾಯಿಸಿತ್ತು.

ಈ ಬಾಯಾರು ನಿವೃತ್ತಿಯಾದ ಮೇಲೆ, ಅದರಲ್ಲೂ ಮಾವನವರು ತೀರಿಕೊಂಡ ಮೇಲೆ, ತೀರ ಮಾತು ಕಡಿಮೆ ಮಾಡಿದ್ದರು. ಮೈಕು ಇಲ್ಲದೆ ಇಡೀ ಶಾಲೆಯ ಮೈದಾನಕ್ಕೆ ಕೇಳಿಸುತ್ತಿದ್ದ ದನಿ ಫೋನಿನಲ್ಲಿ "ಹೂಂ", "ಅದ", "ಆತು" ಎಂಬಷ್ಟಕ್ಕೆ ಇಳಿದಿತ್ತು. ಸುಧಾ ಹಟ ಹಿಡಿದು ಅವರನ್ನು ಮೂರು ತಿಂಗಳಿಗೆ ಇಲ್ಲಿಗೆ ಕರೆಸಿದಳು. ಟಿಕೆಟ್ ಆದ ದಿನ ಬಾಯಾರ ಫೋನು ನನಗೇ ಬಂತು. "ಅಳಿಯಂದ್ರ, ಹೋಗೂ ಊರಿನ ಬಗ್ಗೆ ಓದದ ಹೋಗೂದು ನನಗ ಸೇರೂದಿಲ್ಲ. ನಿಮ್ಮ ಊರಿಂದು ಏನರ ಮಾಹಿತಿ ಇದ್ರ ಕಳಸ್ರಿ" ಎಂದರು. ನಾನು ಆಗ ಆಸ್ಪತ್ರೆಯ ಆಫೀಸಿನಲ್ಲಿ ಯಾರದೋ ಕೆಟ್ಟ ಪ್ರಿಂಟರಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡಿದ್ದೆ. "ಫೋನಿನಾಗ ಹ್ಯಾಮಿಲ್ಟನ್ ಅಂತ ಹೊಡೀರಿ ಬಾಯಾರ, ಎಲ್ಲಾ ಬರ್ತದ" ಎಂದೆ. ಅವರು ಹೊಡೆದರು. ಎಲ್ಲ ಬಂತು. ಬಾಯಾರು ಅದನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದರು.

ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಅವರು ಹೊರಗೆ ಬಂದಾಗ ನಮಗೆ ಗುರುತು ಹತ್ತಲಿಲ್ಲ. ಇಲ್ಲಿ ಜನವರಿ ಎಂದರೆ ಸುಡುಬೇಸಿಗೆ. ಸುತ್ತಲಿನ ಜನ ಅರ್ಧ ಚಡ್ಡಿಯಲ್ಲಿ, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತಿದ್ದರೆ, ಅವರ ನಡುವಿನಿಂದ ಮಂಕಿ ಟೋಪಿ, ಉಣ್ಣೆಯ ಕೋಟು, ಅದರ ಮೇಲೆ ಶಾಲು, ಕೈಗವಸು, ಮೊಣಕಾಲಿನವರೆಗಿನ ಬೂಟು ಧರಿಸಿದ ಆಕೃತಿಯೊಂದು ಟ್ರಾಲಿ ತಳ್ಳುತ್ತ ಬಂತು. ಟೋಪಿಯೊಳಗಿಂದ "ಬರ್ಫ ಎಲ್ಲಿ ಅದ?" ಎಂಬ ದನಿ ಬಂದ ಮೇಲೆಯೇ ಸುಧಾ "ಅವ್ವಾ!" ಎಂದು ಓಡಿದ್ದು. ವಿಮಾನದಲ್ಲಿ ಥಂಡಿಯಾಗಿರಬೇಕು ಎಂದು ನಾನು ತಿಳಿದೆ. ಕಾರಿನಲ್ಲಿ ಕೂತು ದಕ್ಷಿಣಕ್ಕೆ ಹೊರಟೆವು. ಈ ದಾರಿಯಲ್ಲಿ, ನಿಮಗೆ ಗೊತ್ತಿರಲಿಕ್ಕಿಲ್ಲ, ಬಾಂಬೆ ಎಂಬ ಊರೊಂದಿದೆ. ನಿಜವಾಗಿಯೂ ಇದೆ, ಹೆದ್ದಾರಿಯ ಹಸಿರು ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ. ನಾನು ಹೇಳುವುದನ್ನು ಮರೆತಿದ್ದೆ. ತೂಕಡಿಸುತ್ತಿದ್ದ ಬಾಯಾರು ಕಣ್ಣು ತೆರೆದರು, ಫಲಕ ಓದಿದರು, ನೆಟ್ಟಗೆ ಕೂತರು.

"ಅಲ್ರೀ ಅಳಿಯಂದ್ರ, ಹಗಲೂ ರಾತ್ರಿ ವಿಮಾನದಾಗ ಕುಂತು, ಎರಡು ಸಲ ಉಪವಾಸ ಬಿದ್ದು, ಕಡೀಕ ಬಾಂಬೆಕ್ಕ ಬಂದ್ವೇನು? ಇಲ್ಲಿಗೆ ಗದಗಿಂದ ರೈಲು ಇತ್ತಲ್ಲ!"

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಊರು ಬಂತು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮರುದಿನ ಚಹಾ ಕುಡಿಯುತ್ತ ಅವರು "ಇಲ್ಲಿ ಉಕ್ಕಿನ ಕಾರ್ಖಾನಿ ಯಾವ ದಿಕ್ಕಿಗೆ ಅವ?" ಎಂದು ಕೇಳಿದರು. ನಮ್ಮದು ಹುಲ್ಲು, ಹಸು, ಹಾಲು, ನದಿಯ ಊರು. ಇಲ್ಲಿ ಉಕ್ಕು ಎಂದರೆ ಅಡುಗೆಮನೆಯ ಪಾತ್ರೆಗಳಷ್ಟೇ. ವಯಸ್ಸಾದವರು, ಎಲ್ಲೋ ಭದ್ರಾವತಿಯನ್ನು ನೆನೆಸಿಕೊಂಡಿರಬೇಕು ಎಂದು ನಾನು "ಅವು ಸ್ವಲ್ಪ ದೂರ ಅವ ಬಾಯಾರ" ಎಂದುಬಿಟ್ಟೆ. ಅದೊಂದೇ ವಾಕ್ಯದಲ್ಲಿ ನನ್ನ ಸರ್ವನಾಶವಿತ್ತು. ಸಂಜೆ ಕೆರೆ ತೋರಿಸಲು ಕರೆದುಕೊಂಡು ಹೋದೆವು. ನಮ್ಮ ಹ್ಯಾಮಿಲ್ಟನ್ನಿನಲ್ಲಿ ಒಂದು ಮುದ್ದಾದ ಕೆರೆಯಿದೆ. ಬಾತುಕೋಳಿಗಳಿವೆ, ಒಂದು ಸುತ್ತು ನಡೆದರೆ ಹೊಟ್ಟೆ ಹಸಿಯುತ್ತದೆ. ಬಾಯಾರು ದಂಡೆಯ ಮೇಲೆ ನಿಂತು, ಕನ್ನಡಕ ಒರೆಸಿಕೊಂಡು, ಆಚೆ ದಡದಲ್ಲಿ ಮಗುವೊಂದು ಐಸ್‌ಕ್ರೀಮ್ ತಿನ್ನುತ್ತಿದ್ದುದನ್ನು ಸ್ಪಷ್ಟವಾಗಿ ನೋಡಿದರು.

"ಇದು ಪಂಚ ಮಹಾ ಸರೋವರದಾಗ ಒಂದು?" ಎಂದರು. ಆಮೇಲೆ, "ನಮ್ಮ ಗದಗಿನ ಭೀಷ್ಮ ಕೆರಿ ಇದಕ್ಕಿಂತ ದೊಡ್ಡದದ" ಎಂದು ಬಾತುಕೋಳಿಯ ಕಡೆ ಕನಿಕರದಿಂದ ನೋಡಿದರು.

ಹಿಂದಿನಿಂದ ಅನಘಾ ನನ್ನ ಅಂಗಿಯ ತುದಿ ಜಗ್ಗಿದಳು. ನನ್ನ ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಮೆಲ್ಲಗೆ, "ಡ್ಯಾಡ್, ಅಜ್ಜಿ ಈಸ್ ಇನ್ ದ ರಾಂಗ್ ಹ್ಯಾಮಿಲ್ಟನ್" ಎಂದಳು. ಮೊಬೈಲು ತೆಗೆದು ತೋರಿಸಿದಳು. ಕೆನಡಾ ದೇಶದಲ್ಲಿ ಇನ್ನೊಂದು ಹ್ಯಾಮಿಲ್ಟನ್ ಇದೆ. ಅಲ್ಲಿ ಉಕ್ಕಿನ ಕಾರ್ಖಾನೆಗಳಿವೆ, ಮಹಾ ಸರೋವರವಿದೆ, ನೂರಕ್ಕೂ ಹೆಚ್ಚು ಜಲಪಾತಗಳಿವೆ, ಜನವರಿಯಲ್ಲಿ ಹಿಮ ಬೀಳುತ್ತದೆ. ಇಟಲಿ, ಪೋರ್ಚುಗಲ್, ಪೋಲೆಂಡ್, ಕ್ರೊಯೇಷಿಯಾ ಎಂದು ಯುರೋಪಿನ ಅರ್ಧ ನಕಾಶೆಯೇ ಹೋಗಿ ಅಲ್ಲಿ ನೆಲೆಸಿದೆ. ಬಾಯಾರು, ಅಳಿಯ ಹೇಳಿದ ಮೇಲೆ ತಪ್ಪಿರಲಿಕ್ಕಿಲ್ಲ ಎಂದು ನಕಾಶೆಗೆ ಹೊಂದಿಸಿ ನೋಡದೆ, ಓದಿಕೊಂಡು ಬಂದದ್ದು ಆ ಊರನ್ನು. ಇಳಿದದ್ದು ಈ ಊರಿನಲ್ಲಿ.

ಇಷ್ಟಕ್ಕೇ ಆಗಿದ್ದರೆ ನಕ್ಕು ಹೇಳಿಬಿಡಬಹುದಿತ್ತು. ಆದರೆ ನಾವು ಕೆರೆಯಿಂದ ಮನೆಗೆ ಬರುವಷ್ಟರಲ್ಲಿ ಮೇರೆ ಬೇಲಿಯ ಬಳಿ ಕಾದು ನಿಂತಿದ್ದರು. ಬರುವ ಭಾನುವಾರ ಬೀದಿಯವರೆಲ್ಲ ತಮ್ಮ ತಮ್ಮ ಮನೆಯಿಂದ ಒಂದೊಂದು ತಿನಿಸು ತಂದು ಕೂಡಿ ಉಣ್ಣುವ ಊಟ. ಹೊಸದಾಗಿ ಬಂದವರು ನಮ್ಮ ಊರಿನ ಬಗ್ಗೆ, ಇಲ್ಲಿನ ಜನರ ಬಗ್ಗೆ ನಾಲ್ಕು ಮಾತಾಡುವುದು ಪದ್ಧತಿ. "ನೀವು ಟೀಚರ್ ಅಂತೆ, ನೀವೇ ಮಾತಾಡಬೇಕು" ಎಂದು ಅವರು ಬಾಯಾರ ಎರಡೂ ಕೈ ಹಿಡಿದುಕೊಂಡರು. ನಾನು ಬಾಯಾರ ಮುಖ ನೋಡಿದೆ. ಮಾವ ಹೋದ ಮೇಲೆ ಆ ಮುಖದಲ್ಲಿ ಕಾಣದಿದ್ದ ಏನೋ ಒಂದು ದೀಪ ಹತ್ತಿಕೊಂಡಿತ್ತು. "ಎಷ್ಟು ನಿಮಿಷದ ತಾಸು?" ಎಂದು ಕೇಳಿದರು. ನಾಲ್ಕು ಮಾತು ಎಂಬುದು ಅವರ ಕಿವಿಗೆ ಹೋಗುವಷ್ಟರಲ್ಲಿ ಪೂರ್ಣಾವಧಿಯ ಪಾಠವಾಗಿತ್ತು.

ಮರುದಿನ ಬೆಳಿಗ್ಗೆಯೇ ಬಾಯಾರು ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸತೊಡಗಿದರು. ನಾನೂ ಸುಧಾಳೂ ಬಟ್ಟೆ ಒಗೆಯುವ ಕೋಣೆ ಸೇರಿ, ಮಷೀನು ಹಚ್ಚಿ, ಅದರ ಸದ್ದಿನ ಮರೆಯಲ್ಲಿ ಸಭೆ ಸೇರಿದೆವು.

"ನೀವ ಹೇಳ್ರಿ. ನಿಮಗ ಗುರುಗಳು" ಎಂದಳು ಸುಧಾ.

"ನಿನಗ ತಾಯಿ. ತಾಯಿ ಮುಂದ ಗುರು ಏನ್ ದೊಡ್ಡವರು? ನೀನ ಹೇಳು."

"ಹ್ಯಾಮಿಲ್ಟನ್ ಅಂತ ಹೊಡೀರಿ ಅಂದವರು ಯಾರು?"

"ನ್ಯೂಜಿಲೆಂಡ್ ಅಂತ ಸೇರಸಬೇಕಂತ ಅವರಿಗೆ ತಿಳೀಬೇಕಲ್ಲ. ಭೂಗೋಳದ ಬಾಯಾರು!"

"ಹೌದಾ? ಹಂಗಾರ ಇದನ್ನ ಹೋಗಿ ಅವರ ಮುಂದ ಹೇಳ್ರಿ."

ನಾನು ಮಷೀನಿಗೆ ಇನ್ನಷ್ಟು ಸಾಬೂನು ಸುರಿದೆ. ಸುಧಾ ಮಷೀನಿನ ಗಾಜಿನಲ್ಲಿ ಸುತ್ತುತ್ತಿದ್ದ ಸೀರೆಯನ್ನೇ ನೋಡುತ್ತ, "ಅವ್ವ ಮುಂಜಾನಿಂದ ಹಾಡ್ಲಿಕತ್ತಾಳ, ಕೇಳಿರೇನು? ಅಪ್ಪ ಹ್ವಾದ ಮ್ಯಾಲೆ ಆಕಿ ಹಾಡಿದ್ದ ನಾ ಕೇಳಿಲ್ಲ. ಈಗ ಹೋಗಿ ನೀ ಓದಿದ್ದೆಲ್ಲಾ ತಪ್ಪು ಅಂದ್ರ ಮತ್ತ ಮೂಲಿ ಹಿಡದು ಕೂಡ್ತಾಳ" ಎಂದಳು. ಹೇಳುವ ವಿಚಾರವನ್ನು ಅಲ್ಲಿಗೇ ಬಿಟ್ಟೆವು. ಕೊನೆಗೆ ನಾನು ಒಂದು ಜಾಣ ಉಪಾಯ ಮಾಡಿದೆ. ಮೇರೆ, ಸಿಯೋನೆ, ರಾಯ್ ಎಲ್ಲರಿಗೂ ಮೊದಲೇ ವಿಷಯ ತಿಳಿಸಿ, "ದಯವಿಟ್ಟು ನಗಬೇಡಿ, ಏನು ಹೇಳಿದರೂ ಹೌದು ಹೌದು ಎನ್ನಿ" ಎಂದು ಬೇಡಿಕೊಂಡೆ. ಈ ದೇಶದವರ ಒಳ್ಳೆಯತನವನ್ನು ನಾನು ಸರಿಯಾಗಿ ಅಳೆದಿರಲಿಲ್ಲ. ಅವರು ನಾನು ಕೇಳಿದ್ದಕ್ಕಿಂತ ಹೆಚ್ಚು ಮಾಡಿದರು.

ಭಾನುವಾರ ಸುಧಾ ಗದಗಿನ ಮಿರ್ಚಿ ಭಜಿ ಕರಿದು ತಂದಿದ್ದಳು. ಸಿಯೋನೆ ಮೊದಲನೆಯದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಕಣ್ಣಿನಲ್ಲಿ ನೀರು ಸುರಿಸುತ್ತ "ಬ್ಯೂಟಿಫುಲ್" ಎಂದು ಇನ್ನೊಂದಕ್ಕೆ ಕೈ ಹಾಕಿದರು. ಊಟವಾದ ಮೇಲೆ ಮೇರೆ ಬಾಯಾರನ್ನು ಕರೆದರು. ತೋರುಗೋಲು ಇಲ್ಲದೆ ಬಾಯಾರಿಗೆ ಮಾತು ಬರುವುದಿಲ್ಲ. ಅತ್ತಿತ್ತ ನೋಡಿ ಸಲಾಡಿನ ಬಟ್ಟಲಿನಿಂದ ಮರದ ಸೌಟು ತೆಗೆದುಕೊಂಡರು. ಒಮ್ಮೆ ಕೆಮ್ಮಿದರು. ಬೇಲಿಯ ಮೇಲಿದ್ದ ಬೆಕ್ಕೂ ಸರಿಯಾಗಿ ಕೂತಿತು. ಅವರ ಇಂಗ್ಲಿಷು ಅವರ ಸೀರೆಯ ಹಾಗೆಯೇ, ಎಲ್ಲೂ ಒಂದು ಸುಕ್ಕಿಲ್ಲ. ಅದನ್ನು ನಿಮಗೆ ಕನ್ನಡದಲ್ಲೇ ಕೊಡುತ್ತೇನೆ.

"ಇಂದಿನ ಪಾಠ, ಹ್ಯಾಮಿಲ್ಟನ್ ನಗರದ ಜನಸಂಖ್ಯೆ ಮತ್ತು ಸಾಂಸ್ಕೃತಿಕ ವೈವಿಧ್ಯ. ನಿಮ್ಮ ಈ ನಗರವು ಉಕ್ಕಿಗೆ ಪ್ರಸಿದ್ಧವಾಗಿದೆ."

"ಹೌದು ಹೌದು" ಎಂದಿತು ಹಾಲಿನ ಊರು.

"ಇಲ್ಲಿ ನೂರಕ್ಕೂ ಹೆಚ್ಚು ಜಲಪಾತಗಳಿವೆ."

"ಹೌದು ಹೌದು." ಸಿಯೋನೆ ಮಾತ್ರ ಅವುಗಳಲ್ಲಿ ಒಂದಾದರೂ ಮೇರೆಯವರ ಶೆಡ್ಡಿನ ಹಿಂದೆ ಇರಬಹುದೇನೋ ಎಂಬಂತೆ ಕತ್ತು ಹೊರಳಿಸಿ ನೋಡಿದರು.

"ಚಳಿಗಾಲದಲ್ಲಿ ನೀವೆಲ್ಲ ಬೆಳಿಗ್ಗೆ ಎದ್ದು ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ತೆಗೆಯುತ್ತೀರಿ. ಬಹಳ ಕಷ್ಟ."

ಹಿಂದಿನ ಸಾಲಿನಲ್ಲಿದ್ದ ಅಜ್ಜನೊಬ್ಬ ಸೊಂಟ ಹಿಡಿದುಕೊಂಡು "ಬಹಳ ಕಷ್ಟ" ಎಂದು ನರಳಿದ. ಆತ ಹುಟ್ಟಿದ ಮೇಲೆ ಈ ಊರಿನಲ್ಲಿ ಹಿಮ ಕಂಡಿರಲಿಕ್ಕಿಲ್ಲ. ನಾನು ಸುಧಾಳ ಕಡೆ ನೋಡಿ ಗೆದ್ದೆವು ಎಂಬಂತೆ ತಲೆಯಾಡಿಸಿದೆ. ಆದರೆ ಬಾಯಾರ ಪಾಠವನ್ನು ನೀವು ಕಂಡಿಲ್ಲ. ಅವರು ಬರೀ ಹೇಳಿ ಬಿಡುವವರಲ್ಲ. ಉದಾಹರಣೆ ಎದುರಿಗೇ ಇದ್ದರೆ ಅದನ್ನು ಎಬ್ಬಿಸಿ ನಿಲ್ಲಿಸಿ ತೋರಿಸುವವರು. ನಮ್ಮ ತರಗತಿಯಲ್ಲಿ ಕಪ್ಪು ಮಣ್ಣಿನ ಪಾಠಕ್ಕೆ ನರಗುಂದದ ಹುಡುಗರನ್ನೂ ಮ್ಯಾಂಗನೀಸಿಗೆ ಸಂಡೂರಿನವರನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದರು.

"ಈಗ ಹಾಜರಿ" ಎಂದರು ಬಾಯಾರು. "ಇಟಲಿಯಿಂದ ಬಂದವರು ಎದ್ದು ನಿಲ್ಲಿ."

ಯಾರೂ ಏಳಲಿಲ್ಲ. ಬಾಯಾರು ಕಾದರು. ಶಿಕ್ಷಕರು ಕಾಯುವ ಆ ಮೌನವನ್ನು ಕಂಡವರೇ ಬಲ್ಲರು. ಅದರಲ್ಲಿ ಬಂಡೆಯೂ ಕರಗಿ ಉತ್ತರ ಹೇಳುತ್ತದೆ. ಕೊನೆಗೆ ಮೇರೆ ಎದ್ದರು. "ನನ್ನ ಮೊದಲನೇ ಗಂಡ ಇಟಲಿಯವನು. ಅವನ ಪರವಾಗಿ ನಾನು."

"ಅವರೆಲ್ಲಿ?"

"ಆಸ್ಟ್ರೇಲಿಯಾಕ್ಕೆ ಓಡಿ ಹೋದ."

"ಗೈರುಹಾಜರಿ" ಎಂದರು ಬಾಯಾರು. "ಪೋರ್ಚುಗಲ್?"

ರಾಯ್ ಎದ್ದರು. "ನನ್ನ ಮನೆತನದ ಹೆಸರು ಡಿಸೋಜ, ಮೇಡಂ. ಅದು ಪೋರ್ಚುಗೀಸರದ್ದೇ." ಬ್ರೆಜಿಲ್ ಆದರೇನು, ಭಾಷೆ ಅದೇ ತಾನೇ, ಒಳ್ಳೆಯ ಸಮಯಸ್ಫೂರ್ತಿ ಎಂದು ನಾನು ಮೆಚ್ಚಿಕೊಂಡೆ.

"ಶಾಬಾಸ್. ಪೋಲೆಂಡ್?"

ಮತ್ತೆ ಆ ಮೌನ. ಸುಧಾ ನನ್ನ ಪಕ್ಕೆಗೆ ತಿವಿದಳು. ಯಾವ ದೆವ್ವ ಹೊಕ್ಕಿತೋ, ನಾನೇ ಎದ್ದು ನಿಂತೆ. ಗದಗ ತಾಲ್ಲೂಕಿನ ಕುಲಕರ್ಣಿಯವರ ಮಗ ನಾನು, ಬಾಯಾರ ಎಂಟನೆಯ ಇಯತ್ತೆಯ ಕೊನೆಯ ಬೆಂಚಿನವನು, ಅವರ ಖಾಸಾ ಅಳಿಯ, ಪೋಲೆಂಡಿನ ಪ್ರಜೆಯಾಗಿ ಎದೆ ಸೆಟೆಸಿ ನಿಂತೆ.

"ಕುಲಕರ್ಣಿ ವ್ಹಿ. ಜಿ." ಎಂದರು ಬಾಯಾರು. "ಕೂಡು."

ಕೂತೆ. ಆದರೆ ಅವರ ಹುಬ್ಬು ಗಂಟಿಕ್ಕಿತ್ತು. "ಕ್ರೊಯೇಷಿಯಾ?" ಎಂದರು, ಈ ಸಲ ನಿಧಾನವಾಗಿ. ಸಿಯೋನೆ ಧಡಕ್ಕನೆ ಎದ್ದರು. ಮಡಚುವ ಕುರ್ಚಿ ಸಾಕಷ್ಟು ಅಗಲವಿರಲಿಲ್ಲವಾಗಿ ಅದೂ ಅವರ ಜೊತೆಯಲ್ಲೇ ಎದ್ದು ಬಂತು. ಬಾಯಾರು ಅವರನ್ನು ಅಂಗಾಲಿನಿಂದ ನೆತ್ತಿಯವರೆಗೆ ನೋಡಿದರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ನೀವು ಕ್ರೊಯೇಷಿಯಾದವರೇ?"

"ತಾಯಿಯ ಕಡೆಯಿಂದ" ಎಂದರು ಸಿಯೋನೆ, ನೆಲ ನೋಡುತ್ತ.

ಬಾಯಾರು ಸೌಟನ್ನು ಮೇಜಿನ ಮೇಲೆ ಇಟ್ಟರು. ಇಡೀ ವರ್ಗಕ್ಕೆ ವರ್ಗವೇ ಕೂಡಿಕೊಂಡು ಕಾಪಿ ಹೊಡೆದಾಗ ಅವರು ಡಸ್ಟರ್ ಇಡುತ್ತಿದ್ದುದು ಹಾಗೆಯೇ. ನನ್ನ ಕಡೆ ತಿರುಗಿ, ಕನ್ನಡದಲ್ಲಿ, ತೀರ ಸಣ್ಣ ದನಿಯಲ್ಲಿ ಕೇಳಿದರು: "ಅಳಿಯಂದ್ರ, ಇಲ್ಲಿ ಏನೋ ನಡದದ. ಇವರೆಲ್ಲಾ ನನ್ನ ಸಲುವಾಗಿ ಸುಳ್ಳು ಹೇಳ್ಲಿಕತ್ತಾರ. ಖರೇ ಹೇಳ್ರಿ. ನಾ ಏನ್ ತಪ್ಪು ಮಾಡೀನಿ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಕೊಂದಿತು. ಎದುರಿಗೆ ಇಡೀ ಬೀದಿ ಕೂತಿದೆ. ಅವರ ಮುಖದ ದೀಪ ಒಮ್ಮೆ ಮಿಣುಕಿತು. ಇವರ ಎದುರಿಗೆ ಮಾನ ಹೋಗಬಾರದು. ಆದರೆ ಇನ್ನು ಸುಳ್ಳು ಹೇಳುವಂತಿಲ್ಲ. ಆಗ ನನಗೆ ಹೊಳೆಯಿತು, ಅರೆ, ನಮಗೆ ಕನ್ನಡ ಇದೆಯಲ್ಲ! ಪರದೇಶದಲ್ಲಿ ಕನ್ನಡದಷ್ಟು ಒಳ್ಳೆಯ ಪರದೆ ಇನ್ನೊಂದಿಲ್ಲ. ಅಂಗಡಿಯವನ ಎದುರೇ ಅವನ ಮಾಲು ಹಳಿಯಬಹುದು, ಲಿಫ್ಟಿನಲ್ಲಿ ನಿಂತು ಲಿಫ್ಟಿನಲ್ಲಿರುವವರ ಬಗ್ಗೆ ಮಾತಾಡಬಹುದು. ನಾನು ನಗುಮುಖ ಮಾಡಿಕೊಂಡು, ಹವಾಮಾನದ ಬಗ್ಗೆ ಹೇಳುವವನಂತೆ, ಗಟ್ಟಿಯಾಗಿಯೇ ಹೇಳಿದೆ.

"ಬಾಯಾರ, ನೀವು ಓದಿದ್ದು ಕೆನಡಾದಾಗಿನ ಹ್ಯಾಮಿಲ್ಟನ್. ಇದು ನ್ಯೂಜಿಲೆಂಡಿಂದು, ಬ್ಯಾರೇದು. ತಪ್ಪು ನಿಮ್ದಲ್ಲ, ಸರಿಯಾಗಿ ಹೇಳದ ಇದ್ದವ ನಾನು. ನೀವು ಏನೂ ಕಾಳಜಿ ಮಾಡಬ್ಯಾಡ್ರಿ, ನಗಕೋತ ಪಾಠ ಮುಗಸ್ರಿ. ಇವರಿಗೆ ಒಬ್ಬರಿಗೂ ಕನ್ನಡ ತಿಳಿಯಂಗಿಲ್ಲ. ಆ ಹಳದಿ ಅಂಗಿ ಬ್ರೆಜಿಲ್‌ನಾಂವಗಂತೂ ಇಂಗ್ಲಿಷ್ ಸುದ್ಧಾ ಧಡ ಬರಂಗಿಲ್ಲ."

"ಬರ್ತದೆ ಮಾರಾಯ್ರೆ" ಎಂದರು ರಾಯ್.

ರಾಯ್ ಇನ್ನೂ ಪೋರ್ಚುಗಲ್ಲಿನ ಪರವಾಗಿ ಎದ್ದೇ ನಿಂತಿದ್ದರು. "ಕನ್ನಡವೂ ಬರ್ತದೆ, ಇಂಗ್ಲಿಷೂ ಸುಮಾರಾಗಿ ಬರ್ತದೆ. ನಮ್ಮದು ಬಂಟ್ವಾಳ" ಎಂದರು.

ನೀವು ಎಂದಾದರೂ ಮೇಲಿಂದ ಬೀಳುವ ಕನಸು ಕಂಡಿದ್ದೀರಾ? ಹಾಗಾಯಿತು ನನಗೆ. ಇಷ್ಟು ವರ್ಷ ರಾಯ್ ಅವರ ಎದುರಿನಲ್ಲಿ, ಅವರ ಮನೆ ಮುಂದಿನ ಬೇಲಿಗೆ ಆನಿಕೊಂಡು, ನಾನೂ ಸುಧಾಳೂ ಆಡಿದ ಮಾತುಗಳೆಲ್ಲ ಒಂದೊಂದಾಗಿ ಬಂದು ನನ್ನ ತಲೆಯ ಮೇಲೆ ಕೂತವು. ಅವರ ಹುಲ್ಲು ಕೊಯ್ಯುವ ಯಂತ್ರದ ಸದ್ದಿಗೆ ನಾನು ಕೊಟ್ಟ ಹೋಲಿಕೆ. ಅವರು ಪ್ರೀತಿಯಿಂದ ತಂದುಕೊಟ್ಟ ಕೇಕನ್ನು ಅವರ ಮುಂದೆಯೇ ಬಾಯಿಗೆ ಹಾಕಿಕೊಂಡು, "ಥ್ಯಾಂಕ್ಯೂ, ವಂಡರ್‌ಫುಲ್" ಎಂದು ಇಂಗ್ಲಿಷಿನಲ್ಲೂ, "ಗೋಡಿಗೆ ಹಚ್ಚಲಿಕ್ಕೆ ಬರೂಹಂಗ ಅದ" ಎಂದು ಕನ್ನಡದಲ್ಲೂ ಹೇಳಿದ್ದು. ಅವರ ತಲೆಗೂದಲು ಸ್ವಂತದ್ದೋ ಅಲ್ಲವೋ ಎಂದು ನಮ್ಮಿಬ್ಬರ ನಡುವೆ ನಡೆದ ದೀರ್ಘ ಚರ್ಚೆ. ಆಗ ಅವರು ನಗುತ್ತ ತಲೆ ಸವರಿಕೊಂಡಿದ್ದರು. ಆ ಸವರಿಕೆ ಒಂದು ಉತ್ತರವಾಗಿತ್ತು ಎಂದು ನನಗೆ ಈಗ ತಿಳಿಯಿತು. ಸುಧಾ ಮಿರ್ಚಿಯ ಬುಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು.

ಆದರೆ ಬಾಯಾರು ಬಾಯಾರೇ. ಅಳಿಯ ನೆಲದೊಳಗೆ ಇಳಿಯುತ್ತಿರುವುದು ಅವರ ಲಕ್ಷ್ಯಕ್ಕೇ ಬರಲಿಲ್ಲ. "ಬಂಟ್ವಾಳ" ಎಂದರು. "ನೇತ್ರಾವತಿ ನದಿಯ ದಂಡಿ. ಹಂಚಿನ ಕಾರ್ಖಾನಿಗಳು. ಬರೋಬ್ಬರಿ?"

"ಬರೋಬ್ಬರಿ ಟೀಚರ್" ಎಂದರು ರಾಯ್. ಅವರ ಕಣ್ಣು ಮಿಂಚಿದವು.

ಬಾಯಾರು ಮತ್ತೆ ಸೌಟು ಎತ್ತಿಕೊಂಡರು. ಬೆನ್ನು ನೆಟ್ಟಗಾಯಿತು. ಇಂಗ್ಲಿಷಿಗೆ ಮರಳಿ, ಸಭೆಗೆ ಹೇಳಿದರು: "ಇಲ್ಲಿಯವರೆಗೆ ನಾವು ಕೆನಡಾದ ಹ್ಯಾಮಿಲ್ಟನ್ನನ್ನು ನೋಡಿದೆವು. ಹೋಲಿಸಲು ಎರಡು ಬೇಕು, ಈಗ ಎರಡನೆಯದು. ಇದರ ಬಗ್ಗೆ ನಾನು ಏನೂ ಓದಿಕೊಂಡು ಬಂದಿಲ್ಲ. ಆದ್ದರಿಂದ ಪಾಠ ಮಾಡುವವರು ನೀವು. ಹಾಜರಿ ಮೊದಲಿನಿಂದ. ಈ ಸಲ ಯಾರೂ ತಾಯಿಯ ಕಡೆಯಿಂದ ಹೇಳಬಾರದು."

ಎಲ್ಲರಿಗಿಂತ ಮೊದಲು ನಕ್ಕವರು ಸಿಯೋನೆ. ಕುರ್ಚಿ ಆಗಲೇ ಅವರಿಂದ ಕಳಚಿಕೊಂಡಿತು. ಆಮೇಲೆ ಚಪ್ಪಾಳೆ. ಮೇರೆ ಎದ್ದು ತಮ್ಮ ಕುಲ, ತಮ್ಮ ನದಿ, ತಮ್ಮ ಹಿರಿಯರನ್ನು ಹೊತ್ತು ತಂದ ದೋಣಿಯ ಹೆಸರು ಹೇಳಿದರು. ಈ ಊರಿಗೆ ತಮ್ಮವರ ಹೆಸರು ಕಿರಿಕಿರಿರೋವಾ ಎಂದರು. "ಊರಿನ ಹೆಸರ ಕಿರಿಕಿರಿ?" ಎಂದು ಬಾಯಾರು ನನ್ನ ಕಡೆ ನೋಡಿದರು. ಹೌದು, ಪ್ರತಿ ಬಸ್ಸು ನಿಲ್ದಾಣದ ಹತ್ತಿರ, ನಮ್ಮ ಆಫೀಸಿನ ಬಾಗಿಲ ಮೇಲೆ ಕೂಡ ಬರೆದಿದೆ. ನಾನು ದಿನವೂ ಓದಿ ಒಳಗೊಳಗೇ ನಕ್ಕು ಮುಂದೆ ಹೋದವನು, ಅರ್ಥ ಕೇಳಿದವನಲ್ಲ. ಅದು ಉದ್ದನೆಯ ಹರಳುಗಲ್ಲಿನ ನೆಲ ಎಂದು ಮೇರೆ ಹೇಳಿದರು. ಸಿಯೋನೆ "ಟಾಂಗಾ" ಎನ್ನುತ್ತಲೇ ಬಾಯಾರು "ರಾಜಧಾನಿ ನುಕುಅಲೋಫಾ" ಎಂದರು. ಅಷ್ಟು ದೊಡ್ಡ ಮನುಷ್ಯ ಒಂದು ಕ್ಷಣ ಮಗುವಿನ ಹಾಗೆ ನಿಂತುಬಿಟ್ಟರು. ಈ ಊರಿಗೆ ಬಂದ ಮೇಲೆ ತಾನು ಹೇಳುವ ಮೊದಲೇ ಆ ಹೆಸರು ಹೇಳಿದವರು ಇವರೊಬ್ಬರೇ ಎಂದರು. ಸೊಂಟ ಹಿಡಿದು ನರಳಿದ್ದ ಅಜ್ಜನ ಪೂರ್ವಿಕರು ಸ್ಕಾಟ್ಲೆಂಡಿನವರು. ಮೂಲೆಯ ಮನೆಯ ಹುಡುಗಿ ಸೊಮಾಲಿಯಾದವಳು. ನಾನು ಚೀನಾದವರು ಎಂದುಕೊಂಡಿದ್ದ ದಂಪತಿ ಕೊರಿಯಾದವರು. ನಾನು ಕೊರಿಯಾದವರು ಎಂದುಕೊಂಡಿದ್ದವರು ಇಲ್ಲೇ ಹುಟ್ಟಿ ಬೆಳೆದವರು. ಬಾಯಾರು ಪ್ರತಿಯೊಬ್ಬರಿಗೂ ಅವರ ಊರಿನ ಒಂದು ನದಿಯನ್ನೋ ಬೆಳೆಯನ್ನೋ ಮರಳಿ ಕೊಟ್ಟರು. ಕೊನೆಗೆ ನನ್ನ ಸರದಿ ಬಂತು.

"ಗದಗ" ಎಂದೆ.

"ಅದು ನನಗ ಗೊತ್ತದ. ಇಲ್ಲಿ ಕೂತವರೊಳಗ ಎಷ್ಟು ಮಂದಿ ಹೆಸರು ನಿನಗ ಗೊತ್ತವ ಹೇಳು."

ಸೊನ್ನೆ ಬಂದದ್ದು ಹೀಗೆ.

ಜನ ಚದುರಿದ ಮೇಲೆ ನಾನು ಧೈರ್ಯ ಮಾಡಿ ರಾಯ್ ಅವರ ಹತ್ತಿರ ಹೋದೆ. "ಇಷ್ಟು ವರ್ಷ ಯಾಕ್ರಿ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳ್ಬೇಕು ಅಂತಲೇ ಬಂದಿದ್ದೆ, ಮೊದಲನೇ ದಿನವೇ" ಎಂದರು ರಾಯ್. "ಆದ್ರೆ ಎಂತ ಮಾಡೋದು? ನಾನು ಬಾಯಿ ತೆಗಿಯೋ ಮೊದಲೇ ನೀವು ನನ್ನ ಮೂಗಿನ ಬಗ್ಗೆ ಹೇಳಿ ಆಗಿತ್ತು. ಆಮೇಲೆ ಹೇಳಿದ್ರೆ ನಿಮಗೆ ಬೇಜಾರಾಗ್ತದಲ್ಲ ಅಂತ ಸುಮ್ಮನಾದೆ. ನನ್ನ ಹೆಂಡತಿ ಫಿಲಿಪೀನ್ಸ್‌ನವಳು, ಮನೇಲಿ ಕನ್ನಡ ಕೇಳ್ಲಿಕ್ಕೆ ಸಿಗುದಿಲ್ಲ. ನೀವು ಬೈದಾದ್ರೂ ಕನ್ನಡ ಕಿವಿಗೆ ಬೀಳ್ತದಲ್ಲ ಅಂತ ಬೇಲಿ ಹತ್ರ ಬಂದು ನೀರು ಬಿಡ್ತಿದ್ದೆ. ಆದ್ರೆ ನಿಜ ಹೇಳ್ತೇನೆ, ನಿಮ್ಮ ಗದಗಿನ ಕನ್ನಡದಲ್ಲಿ ನನಗೆ ಅರ್ಧ ಅರ್ಥ ಆಗ್ಲೇ ಇಲ್ಲ."

ಅಷ್ಟರ ಮಟ್ಟಿಗೆ ನಮ್ಮ ಜಿಲ್ಲೆ ನನ್ನ ಮಾನ ಕಾಪಾಡಿತ್ತು. ಕೂದಲು ಸ್ವಂತದ್ದೇ ಎಂಬುದನ್ನು ಅವರೇ ಎಳೆದು ತೋರಿಸಿದರು.

ಬಾಯಾರು ಇದ್ದಷ್ಟು ದಿನ ನಮ್ಮ ಮನೆಯ ಜಗಲಿ ಶಾಲೆಯಾಗಿತ್ತು. ಸಿಯೋನೆ ಟ್ಯಾಂಕರ್ ಇಳಿದು ನೇರ ಬಂದು ಕೂಡುತ್ತಿದ್ದರು. ಮೇರೆಯವರು ಬಾಯಾರಿಗೆ ನದಿಗಳ ಹೆಸರು ಕಲಿಸಿದರು. ಬಾಯಾರು ಅವರಿಗೆ ಶೇಂಗಾ ಹೋಳಿಗೆ. ರಾಯ್ ದಿನವೂ ಸಂಜೆ ಬಂದು "ಟೀಚರ್" ಎಂದು ಕೂಗುವ ಮೊದಲೇ ಒಳಗಿಂದ "ಬಾ ಬಂಟ್ವಾಳ" ಎಂಬ ದನಿ ಕೇಳುತ್ತಿತ್ತು. ಬೀದಿಯ ಆ ತುದಿಗೂ ಕೇಳುತ್ತಿತ್ತು. ನಾನು ಮತ್ತು ಸುಧಾ ಮಾತ್ರ ಏನಾದರೂ ಗುಟ್ಟು ಮಾತಾಡಬೇಕೆಂದರೆ ಮತ್ತೆ ಬಟ್ಟೆ ಒಗೆಯುವ ಕೋಣೆಗೇ ಹೋಗಬೇಕಾಗಿ ಬಂದು, ಆ ದಿನಗಳಲ್ಲಿ ನಮ್ಮ ಮನೆಯ ಬಟ್ಟೆಗಳೆಲ್ಲ ಒಗೆದೂ ಒಗೆದೂ ಬಣ್ಣ ಬಿಟ್ಟವು.

ಬಾಯಾರು ಊರಿಗೆ ಮರಳಿದ ಮೇಲೆ, ಚಳಿಗಾಲ ಕಳೆದು ಬಿಸಿಲು ಬಂದಾಗ, ನಮ್ಮ ಪಕ್ಕದ ಮನೆಗೆ ಹೊಸ ಬಾಡಿಗೆದಾರರು ಬಂದರು. ಗಂಡ ಹೆಂಡತಿ ಇಬ್ಬರೂ ಚಿಕ್ಕ ವಯಸ್ಸಿನವರು. ಟ್ರಕ್ಕಿನಿಂದ ಸಾಮಾನು ಇಳಿಸುತ್ತಿದ್ದರು. ಈ ಸಲ ಹೆಸರು ಕೇಳಿಯೇ ತೀರಬೇಕು ಎಂದು ನಾನು ಬೇಲಿಯ ಹತ್ತಿರ ಹೋಗಿ ನಿಂತೆ. ಮಾತಿಗೆ ಸಮಯ ಕಾಯುತ್ತಿದ್ದೆ. ಸೋಫಾದ ಒಂದು ತುದಿ ಹಿಡಿದಿದ್ದ ಹುಡುಗ ಏದುಸಿರು ಬಿಡುತ್ತ, ಹೆಂಡತಿಗೆ ಹೇಳಿದ:

"ನೋಡೇ, ಆ ಅಂಕಲ್ ಎಷ್ಟೊತ್ತಿಂದ ನಿಂತ್ಕೊಂಡು ನೋಡ್ತಾನೇ ಇದಾರೆ. ಬಂದು ಒಂದು ಕೈ ಹಾಕಬಾರ್ದಾ?"

"ಶ್! ಕೇಳಿಸುತ್ತೆ ಕಣೋ."

"ಅವ್ರಿಗೇನ್ ಗೊತ್ತಾಗುತ್ತೆ ಬಿಡು, ಫಿಜಿ ಕಡೆಯವ್ರು ಇರ್ಬೇಕು. ಆ ಹೊಟ್ಟೆ ನೋಡು. ಅದನ್ನ ಎತ್ಕೊಂಡು ಓಡಾಡೋದೇ ಕಷ್ಟ, ಇನ್ನು ಸೋಫಾ ಎಲ್ಲಿ ಎತ್ತುತ್ತಾರೆ?"

ನಾನು ಬಾಯಿ ತೆರೆದೆ. "ನಮ್ಮದು ಗದಗ" ಎಂಬ ಮಾತು ತುಟಿಯ ತನಕ ಬಂದಿತ್ತು. ಹುಡುಗಿ ನನ್ನ ಕಡೆ ನೋಡಿ ನಾಚಿಕೊಂಡು ನಕ್ಕಳು. ಎದುರು ಮನೆಯಲ್ಲಿ ಹಳದಿ ಅಂಗಿಯ ರಾಯ್ ನೀರಿನ ಪೈಪು ಹಿಡಿದುಕೊಂಡು, ಒಂದೇ ಗಿಡವನ್ನು ಬಹಳ ಹೊತ್ತಿನಿಂದ ತೋಯಿಸುತ್ತಿದ್ದರು.

ನಾನು ಬಾಯಿ ಮುಚ್ಚಿದೆ. ಬೇಲಿ ದಾಟಿ ಹೋಗಿ ಸೋಫಾದ ಇನ್ನೊಂದು ತುದಿ ಎತ್ತಿ ಹಿಡಿದೆ. ಮೆಟ್ಟಿಲು ಹತ್ತುವವರೆಗೂ ನನ್ನ ಹೊಟ್ಟೆಯ ವಿಚಾರ ಅವರಿಬ್ಬರ ನಡುವೆ ನಡೆದೇ ಇತ್ತು. ಸೋಫಾ ಒಳಗಿಟ್ಟು ಬೆವರು ಒರೆಸಿಕೊಂಡು, "ಲವ್ಲಿ ವೆದರ್" ಎಂದೆ.